ಭಾರಕ್ಕೆ ಹರಿದದ್ದು, ಎಳೆದು ಹರಿದದ್ದು

ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ ಬ್ಯಾಗು ಹೊಲಿಯುವ ಆಕೆಯನ್ನು ಎಲ್ಲರೂ ಜಿಪ್ಪಕ್ಕ ಎಂದೇ ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಅವಳಿಗಾದರೂ ನೆನಪಿದೆಯೋ ಇಲ್ಲವೋ. ಹರಿದ ಬ್ಯಾಗನ್ನು ಒಮ್ಮೆ ಕೈಯಲ್ಲಿ ತಿರುಗಿಸಿದರೆ ಸಾಕು, ಅದರ ಜಾತಕವನ್ನೇ ಹೇಳಿಬಿಡುತ್ತಾಳೆ: ಇದು ಪುಸ್ತಕದ ಭಾರಕ್ಕೆ ಹರಿದದ್ದು, ಇದು ಇಲಿ ಕಡಿದದ್ದು, ಇದನ್ನು ಯಾರೋ ಎಳೆದು ಕಿತ್ತದ್ದು.

ಇಂಥವಳಿಗೆ ಮನೆಯೊಳಗಿನ ಬ್ಯಾಗು ಕಾಣಲಿಲ್ಲ. ಕಂಡಿತು, ಆದರೆ ಅವಳು ಕಂಡದ್ದೇ ಬೇರೆ. ಒಂಬತ್ತನೇ ಕ್ಲಾಸಿನ ಮಗಳು ತನ್ನ ಬ್ಯಾಗಿನ ಪಟ್ಟಿಯನ್ನು ತಾನೇ ಸೂಜಿ ದಾರ ಹಿಡಿದು ಹೊಲಿದುಕೊಂಡಿದ್ದಳು. ಅಮ್ಮನಿಗೆ ಹಿಗ್ಗೋ ಹಿಗ್ಗು. ನನ್ನ ಮಗಳಿಗೂ ಕಸುಬು ಕೈಹತ್ತಿತು ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು.

ಅದೇ ಮಗಳು ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ತಲೆ ಬಾಚಿ ವಾರವಾಗಿತ್ತು. ಸೋಮಾರಿತನ, ವಯಸ್ಸಿನ ಕೊಬ್ಬು ಎಂದು ಅಮ್ಮ ತೀರ್ಪು ಕೊಟ್ಟಳು. ಬಾಯಿಗೆ ಜಿಪ್ ಹಾಕಿಕೊಂಡಿದ್ದೀಯಾ, ಬಾ, ಸಿಕ್ಕಿಕೊಂಡ ಜಿಪ್ಪಿಗೆ ಸವರುವ ಹಾಗೆ ಮೇಣ ಸವರಿ ಬಿಡಿಸುತ್ತೇನೆ ಎಂದು ರೇಗಿಸಿದಳು. ಮಗಳು ನಗಲಿಲ್ಲ. ಊರವರ ಹರುಕೆಲ್ಲ ಕಣ್ಣಿಗೆ ಬೀಳುವ ಹೆಂಗಸಿಗೆ ಪಕ್ಕದಲ್ಲೇ ಮಲಗಿದ್ದದ್ದು ಕಾಣಲಿಲ್ಲ ನೋಡಿ.

ಒಂದು ಭಾನುವಾರ ಬ್ಯಾಗು ಒಗೆಯಲೆಂದು ಪುಸ್ತಕ ಸುರಿದಾಗ ಪಟ್ಟಿ ಕೈಗೆ ಸಿಕ್ಕಿತು. ಒಂದರ ಮೇಲೊಂದು ನಾಲ್ಕು ಹೊಲಿಗೆ, ಸಿಕ್ಕ ಸಿಕ್ಕ ಬಣ್ಣದ ದಾರ. ಹರಿದದ್ದು ಭಾರಕ್ಕೆ ಹರಿಯುವಂತೆ ಕೆಳಮುಖವಾಗಿ ಅಲ್ಲ, ಅಡ್ಡಕ್ಕೆ. ಹಿಂದಿನಿಂದ ಹಿಡಿದು ಎಳೆದದ್ದು, ಅದೂ ಮತ್ತೆ ಮತ್ತೆ.

ಜಿಪ್ಪಕ್ಕ ಬ್ಯಾಗು ಹಿಡಿದೇ ಮಗಳ ಹಾಸಿಗೆಯ ಅಂಚಿಗೆ ಕೂತಳು. ಯಾಕೆ ಮಾತಾಡುವುದಿಲ್ಲ ಎಂದು ಈ ಸಲ ಕೇಳಲಿಲ್ಲ.

"ಇದನ್ನ ಎಳೆದದ್ದು ಯಾರು?"

ಮಗಳು ಗೋಡೆಗೇ ಉತ್ತರ ಕೊಟ್ಟಳು. "ಕ್ಲಾಸಿನ ಹುಡುಗೀರು. ಹರಿದ್ರೇನಂತೆ, ಹೊಲಿಯೋಕೆ ನಿಮ್ಮಮ್ಮ ಇದ್ದಾಳಲ್ಲ ಅಂತಾರೆ. ಅದಕ್ಕೇ ನಿನಗೆ ಕೊಡಲಿಲ್ಲ." ಆಮೇಲೆ ಅಂದಳು: "ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತಮ್ಮ."

ಮಾರನೆಯ ದಿನ ಅಂಗಡಿ ತೆರೆಯದೆ ಮಗಳ ಜೊತೆ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಮಕ್ಕಳಾಟ ಎಂದು ತಳ್ಳಿಹಾಕಲು ನೋಡಿದರು. ಜಿಪ್ಪಕ್ಕ ಬ್ಯಾಗನ್ನು ಮೇಜಿನ ಮೇಲಿಟ್ಟು ಒಂದೊಂದು ಹೊಲಿಗೆಯನ್ನೂ ಬೆರಳಿಟ್ಟು ತೋರಿಸಿ, ಆಟಕ್ಕೆ ಹೀಗೆ ಹರಿಯುವುದಿಲ್ಲ ಎಂದಳು. ಆ ಹುಡುಗಿಯರ ಮನೆಯವರು ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಅಲ್ಲಿಂದ ಮಗಳನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಹೋದಳು. ಇದು ಸೋಮಾರಿತನವಲ್ಲ, ಖಿನ್ನತೆ, ವಾಸಿಯಾಗುತ್ತದೆ, ಆದರೆ ನಿಧಾನ ಎಂದರು ವೈದ್ಯರು. ನಿಧಾನವೇ ಆಯಿತು. ಕೆಲವು ವಾರ ತಟ್ಟೆ ಖಾಲಿಯಾಗುತ್ತಿತ್ತು, ಕೆಲವು ವಾರ ಇಲ್ಲ. ಮೇಣದ ತಮಾಷೆಯನ್ನು ಅಮ್ಮ ಮತ್ತೆ ಎತ್ತಲಿಲ್ಲ.

ಐದಾರು ತಿಂಗಳಾದ ಮೇಲೆ ಒಂದು ಸಂಜೆ ಮಗಳು ಅಂಗಡಿಗೇ ಬಂದಳು. ಗಿರಾಕಿಗಳ ಎದುರಿಗೇ ಬ್ಯಾಗನ್ನು ಯಂತ್ರದ ಮೇಲೆ ಹಾಕಿ, ತಳ ಬಿಟ್ಟುಕೊಂಡಿದೆ, ಹೊಲಿದುಕೊಡು ಎಂದಳು. ಜಿಪ್ಪಕ್ಕ ಬ್ಯಾಗನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಎಷ್ಟು ನೋಡ್ತೀಯಮ್ಮ, ಭಾರಕ್ಕೇ ಹರಿದದ್ದು."

ಹೌದು, ಭಾರಕ್ಕೇ ಹರಿದಿತ್ತು. ಜಿಪ್ಪಕ್ಕ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸಲು ಹೋದಳು, ಆಗಲಿಲ್ಲ. ಮಗಳೇ ಪೋಣಿಸಿಕೊಟ್ಟಳು.