ಸುಳ್ಳುಗಡ್ಡೆ

ಭಾದ್ರಪದದ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತೂ ಕಾಲು. ಶಿರಸಿಯಲ್ಲಿ ಮಹಿಳಾ ಮಂಡಳದ ಡೇರೆ, ಅಂದರೆ ಡೇಲಿಯಾ ಹೂವಿನ ಸ್ಪರ್ಧೆ. ಹಾಜರಿದ್ದವರು: ನಾನು, ನಂದೊಳ್ಳಿಯಿಂದ ಮೊದಲ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದ ನನ್ನ ವಾರಗಿತ್ತಿ, ಬನವಾಸಿ ಕಡೆಯ ಅಧ್ಯಕ್ಷೆ, ಇಪ್ಪತ್ತು ಮೂವತ್ತು ಹೆಂಗಸರು.

ಹನ್ನೆರಡು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ ಈ ವಾರಗಿತ್ತಿಯೇ ನನ್ನ ಹೆಸರು ಕೆಡಿಸಿದಳು. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಹೆಂಗಸರು ಡೇರೆ ಗಡ್ಡೆ ಬದಲಾಯಿಸಿಕೊಳ್ಳುತ್ತಾರೆ. ಬಣ್ಣ ಯಾವುದೆಂದು ಬಾಯಲ್ಲೇ ಹೇಳಿ ಕೊಡುವುದು. ಹೂ ಬಿಡುವವರೆಗೆ ನಂಬಿಕೆಯೇ ಚೀಟಿ. ನಾನು ಅವಳಿಗೆ ಚುಕ್ಕೆ ಡೇರೆಯ ಗಡ್ಡೆ ಕೊಟ್ಟೆ: ಹಳದಿ ಎಸಳು, ಮೇಲೆ ಕೆಂಪು ಚುಕ್ಕೆ. ಅವಳ ಅಂಗಳದಲ್ಲಿ ಅದು ಬರೀ ಕೆಂಪು ಬಿಟ್ಟಿತು. ಅವಳು ಆ ಕೆಂಪು ಹೂವನ್ನು ಇಲ್ಲಿಗೆ ತಂದು ಎತ್ತಿ ಹಿಡಿದು, "ಅಕ್ಕಯ್ಯ ಕೊಟ್ಟ ಸುಳ್ಳುಗಡ್ಡೆ ನೋಡಿ" ಎಂದಳು. ಎಲ್ಲರೂ ನಕ್ಕರು. ನಾನು ವಿವರಿಸಹೊರಟೆ, ಯಾರೂ ಕೇಳಲಿಲ್ಲ. ಅಂದಿನಿಂದ ಸಿದ್ದಾಪುರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ನಾನು 'ಸುಳ್ಳುಗಡ್ಡೆ ಅಕ್ಕೋರು'. ನನ್ನ ಗಡ್ಡೆಯನ್ನು ಯಾರೂ ಮುಟ್ಟಲಿಲ್ಲ, ನನಗೂ ಕೊಡಲಿಲ್ಲ.

ಈ ಸಲ ಅವಳೇ ಬೇರೆ ಯಾರಿಂದಲೋ ಚುಕ್ಕೆ ಡೇರೆ ಸಂಪಾದಿಸಿ ತಂದಿದ್ದಳು. ಆರು ಹೂ ಚುಕ್ಕೆಯವು. ಒಂದು ಕೊಂಬೆಯಲ್ಲಿ ಮಾತ್ರ ಅಚ್ಚ ಕೆಂಪಿನ ಎರಡು ಹೂ.

ಅಧ್ಯಕ್ಷೆ ಕನ್ನಡಕ ಏರಿಸಿ ನೋಡಿದರು. "ಒಂದ ಕುಂಡದಾಗ ಎರಡ ಗಡ್ಡಿ ಇಟ್ಟೀರಿ ಅನಸ್ತದ್ರಿ. ಹಂಗಿದ್ರ ಸ್ಪರ್ಧಾಕ್ಕ ತಗೊಳ್ಳಾಕ ಬರಂಗಿಲ್ರಿ."

"ಒಂದೇ ಗಡ್ಡೆ, ದೇವ್ರಾಣೆ! ಆ ಕೊಂಬೆ ತನ್ನಷ್ಟಕ್ಕೇ ಕೆಂಪಾತು."

"ಸುಳ್ಳುಗಡ್ಡೆ ಆ ಮನೆತನದ್ದೇಯ" ಎಂದು ಹಿಂದಿನಿಂದ ಯಾರೋ ಅಂದರು. ನಗು. ವಾರಗಿತ್ತಿಯ ಮುಖ ಬಿಳುಚಿತು. ಹನ್ನೆರಡು ವರ್ಷ ನಾನು ನೋಡಲು ಕಾದಿದ್ದ ಮುಖ ಅದೇ.

ಅವಳು ನನ್ನ ಕಡೆ ತಿರುಗಿದಳು. "ಅಕ್ಕಯ್ಯ, ನೀ ಹೇಳೆ. ನಿಂಗೆ ಗೊತ್ತಿದ್ದು."

ನಾನು ಲೋಟದಲ್ಲಿದ್ದ ಚಹಾ ಮುಗಿಸಿದೆ. ಅವಸರ ಮಾಡಲಿಲ್ಲ. "ಆನು ಎಂತ ಹೇಳವು? ಸುಳ್ಳುಗಡ್ಡೆ ಅಕ್ಕೋರ ಮಾತು ಯಾರು ನಂಬ್ತ? ಕುಂಡ ಬೋರಲು ಹಾಕು. ಕಣ್ಣಾರೆ ನೋಡ್ಲಿ."

"ಹೂವೆಲ್ಲ ಬಾಡ್ತು, ಅಕ್ಕಯ್ಯ."

"ಬಾಡ್ಲಿ, ಅಡ್ಡಿ ಇಲ್ಲೆ."

ಒಂಬತ್ತೂ ನಲವತ್ತಕ್ಕೆ ಅವಳು ತನ್ನ ಕೈಯಿಂದಲೇ ಕುಂಡವನ್ನು ಬೋರಲು ಹಾಕಿದಳು. ಹಳೆಯ ಪೇಪರಿನ ಮೇಲೆ ಮಣ್ಣು, ಬೇರು, ಗಡ್ಡೆ. ಗಡ್ಡೆ ಒಂದೇ. ಕಾಂಡವೂ ಒಂದೇ. ಕೆಂಪು ಕೊಂಬೆ ಅದೇ ಕಾಂಡದಿಂದ ಒಡೆದಿತ್ತು. ಚುಕ್ಕೆಯ ಎರಡು ಹೂ ಮುರಿದು ಬಿದ್ದವು.

ಆಮೇಲೆ ಪಾಠ ಮಾಡಿದೆ. ಅವಳಿಗೆ ಕುಳಿತುಕೊಳ್ಳಲು ಹೇಳಲಿಲ್ಲ. ಈ ಗಿಡದಲ್ಲಿ ಕೆಂಪು ಬಣ್ಣ ಬರಿಸುವ ಒಂದು ಜೀನ್ ಇದೆ. ಅದರ ನಡುವೆ ಡಿಎನ್‌ಎಯ ಒಂದು ಅಲೆಮಾರಿ ತುಂಡು ಹೊಕ್ಕು ಕೂತಿದೆ. ಅದು ಅಲ್ಲಿರುವಷ್ಟು ಕಾಲ ಕೆಂಪಿಲ್ಲ, ಹೂ ಹಳದಿ. ಎಸಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋದರೆ ಆ ಕೋಶದ ಸಂತತಿಯೆಲ್ಲ ಕೆಂಪು, ಅದೇ ಚುಕ್ಕೆ. ಕುಡಿಯಲ್ಲೇ ಎದ್ದು ಹೋದರೆ ಇಡೀ ಕೊಂಬೆ ಕೆಂಪು. ಗಡ್ಡೆಯ ಕಣ್ಣಿನಲ್ಲೇ ಎದ್ದು ಹೋದರೆ?

"ಇಡೀ ಗಿಡ ಕೆಂಪು" ಎಂದರು ಅಧ್ಯಕ್ಷೆ, ಮೆಲ್ಲಗೆ.

"ಎದ್ದದ್ದು ಎಲ್ಲಿಗೆ ಹೋಗ್ತು?" ಮುಂದಿನ ಸಾಲಿನ ಅಜ್ಜಿ ಕೇಳಿದರು.

"ಎಷ್ಟೋ ಸಲ ಬೇರೆ ಕಡೆ ಹೊಕ್ಕು ಕೂರ್ತು. ಅಲ್ಲಿನ ಕೆಲಸವನ್ನೂ ಕೆಡಿಸಲಕ್ಕು."

"ನಮ್ಮನೆ ನೆಂಟರ ಹಾಂಗೇಯ."

ಈ ಸಲದ ನಗು ನನ್ನ ಮೇಲಲ್ಲ. ನಾನು ಮುಂದುವರಿಸಿದೆ. ಮನುಷ್ಯರ ಡಿಎನ್‌ಎಯಲ್ಲೂ ಸರಿಸುಮಾರು ಅರ್ಧದಷ್ಟು ಇಂಥ ಅಲೆಮಾರಿಗಳು, ಇಲ್ಲವೇ ಅವುಗಳ ಅವಶೇಷ. ಹೆಚ್ಚಿನವು ಸುಮ್ಮನೆ ಬಿದ್ದಿವೆ, ಕೆಲವು ರೋಗ ತಂದಿವೆ. ಆದರೆ ಕೆಲವನ್ನು ಜೀವ ತನ್ನ ಕೆಲಸಕ್ಕೆ ಹಚ್ಚಿಕೊಂಡಿದೆ. ಬಸಿರಿನಲ್ಲಿ ಮಗುವಿಗೆ ಅನ್ನ ಮುಟ್ಟಿಸುವ ಮಾಸು ಸರಿಯಾಗಿ ಬೆಳೆಯಲು ಬೇಕಾದ ಒಂದು ಜೀನ್, ಯಾವುದೋ ಕಾಲದಲ್ಲಿ ನಮ್ಮ ಪೂರ್ವಜರೊಳಗೆ ನುಗ್ಗಿ ಉಳಿದ ವೈರಸ್ಸಿನದು. ಗಿಡ, ಪ್ರಾಣಿ, ನಾವು ಇಷ್ಟು ಬಗೆಬಗೆಯಾಗಿರುವುದರಲ್ಲಿ ಈ ಜಾಗ ಬಿಟ್ಟು ಜಾಗಕ್ಕೆ ಹೋಗುವವರ ಪಾಲೂ ಇದೆ. ಮೂರು ಮಕ್ಕಳನ್ನು ಹೆತ್ತ ವಾರಗಿತ್ತಿ ನೆಲ ನೋಡುತ್ತ ನಿಂತಿದ್ದಳು.

"ಈಗ ಹೇಳು. ಆನು ನಿಂಗೆ ಕೊಟ್ಟ ಗಡ್ಡೆ ಎಂತದು?"

"ಸುಳ್ಳಲ್ಲ."

"ಹಿಂದಿನ ಸಾಲಿಗೆ ಕೇಳಿದ್ದಿಲ್ಲೆ."

"ಅಕ್ಕಯ್ಯ ಕೊಟ್ಟ ಗಡ್ಡೆ ಸುಳ್ಳಲ್ಲ!" ಅವಳ ದನಿ ಒಡೆದಿತ್ತು. ನನಗೆ ಹಿತವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಕುಂಡ ಸ್ಪರ್ಧೆಗೆ ಅರ್ಹವೆಂದು ಅಧ್ಯಕ್ಷೆ ಬರೆದುಕೊಂಡರು. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಹೂಗಳು ತಲೆ ಬಾಗಿಸಿದ್ದವು. ಬಹುಮಾನ ಹೆಗಡೆಕಟ್ಟಾದ ಬಿಳಿ ಡೇರೆಗೆ ಹೋಯಿತು.

ಹೊರಡುವಾಗ ವಾರಗಿತ್ತಿ ನನ್ನ ಪಕ್ಕ ಬಂದು ನಿಂತಳು. ಅತ್ತ ಕಣ್ಣು ಇನ್ನೂ ಕೆಂಪಗಿತ್ತು. "ಎಲೆ ಸರಿಸಿ ಕೊಂಬೆಯ ಬುಡ ನೋಡಿದ್ರೆ ಸಾಕಾಗಿತ್ತು, ಅಲ್ದ?"

"ಸಾಕಾಗಿತ್ತು."

"ಗೊತ್ತಿದ್ದೇ ಕೀಳಿಸ್ದೆ?"

"ಗೊತ್ತಿದ್ದೇ."

ಅವಳು ಕೆಂಪು ಕೊಂಬೆಯನ್ನು ಬುಡದಲ್ಲಿ ಚಿವುಟಿ ನನ್ನ ಕೈಯಲ್ಲಿಟ್ಟಳು. "ತಗ. ಇದು ನಿಂದೇ." ಬೈದಳೋ ಕೊಟ್ಟಳೋ ತಿಳಿಯಲಿಲ್ಲ. ಬಸ್ಸು ಹತ್ತುವಾಗ ಅವಳು ತಿರುಗಿ ನೋಡಲಿಲ್ಲ, ನಾನೂ ಕರೆಯಲಿಲ್ಲ.

ಸಂಜೆ ಐದೂವರೆಗೆ ಕೊಂಬೆಯ ಕೆಳಗಿನ ಎಲೆ ತೆಗೆದು, ಹೂ ಕತ್ತರಿಸಿ, ನನ್ನದೊಂದು ಕುಂಡದಲ್ಲಿ ಮರಳು ಬೆರೆಸಿದ ಮಣ್ಣಿಗೆ ಊರಿದೆ. ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀರಿ ಬರೆದೆ: 'ಕೆಂಪು. ನಂದೊಳ್ಳಿಯದು.' ಚೂರನ್ನು ಕುಂಡಕ್ಕೆ ಸಿಕ್ಕಿಸಿ, ಮಣ್ಣು ಅಗೆದ ಕುಟ್ಟಾರೆ ತೊಳೆದು ಗೂಟಕ್ಕೆ ತೂಗುಹಾಕಿದಾಗ ಆರು ಗಂಟೆ.