ಬೇವಿನ ಬುಡದ ಮಣ್ಣು

ಬೆರಳಿಗೆ ಹತ್ತಿದ ದೊಡ್ಡಪತ್ರೆಯ ವಾಸನೆ ಸೋಪು ಹಚ್ಚಿ ತೊಳೆದರೂ ಹೋಗುತ್ತಿಲ್ಲ. ನಮ್ಮ ಹಿತ್ತಲಿಗೆ ಬಿಸಿಲೇ ಬೀಳುವುದಿಲ್ಲ. ಎರಡು ಸಲ ಹಾಕಿಸಿದ ಹುಲ್ಲು ಎರಡು ಸಲವೂ ಕೊಳೆಯಿತು. ನೆರಳಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವಂಥದ್ದು ಬೇಕೆಂದು ನರ್ಸರಿಗೆ ಹೋಗಿದ್ದೆ. ಅಲ್ಲಿಯವನು ಒಂದು ಎಲೆ ಕಿತ್ತು ಕೈಗಿಟ್ಟ.

“ಇದನ್ನ ಒಯ್ಯಿರಿ ಅಕ್ಕಾರ. ಬುಡದ ಮಣ್ಣು ಸೈತ ಬ್ಯಾಡ, ಟೊಂಗಿ ಚುಚ್ಚಿದ್ರ ಹಬ್ಬತೈತಿ.”

ಮಣ್ಣು ಬೇಡ... ನಾನೂ ಒಮ್ಮೆ ಹಾಗೇ ಅಂದುಕೊಂಡಿದ್ದೆ.

ಹಳೇ ಬಾಗಲಕೋಟೆಯಲ್ಲಿ ಪಕ್ಕದ ಮನೆಯವಳನ್ನು ಚಿಗವ್ವ ಎಂದು ಕರೆಯುತ್ತಿದ್ದೆವು. ರಕ್ತಸಂಬಂಧವೇನಿಲ್ಲ, ನಡುವೆ ಒಂದು ಮಣ್ಣಿನ ಗೋಡೆ ಅಷ್ಟೇ. ಅವಳ ಹಿತ್ತಲಲ್ಲಿ ಬೇವಿನ ಗಿಡ, ಅದರ ನೆರಳಿಗೆ ಚಾಪೆ ಹಾಸಿದ ಹಾಗೆ ದೊಡ್ಡಪತ್ರೆ. ಯಾರ ಮನೆಯ ಕೂಸಿಗೆ ಕೆಮ್ಮು ಬಂದರೂ ಎಲೆಗೆ ಅಲ್ಲಿಗೇ ಬರುತ್ತಿದ್ದರು. ಬಚ್ಚಲ ಕಡೆ ಬೆಳೆದದ್ದನ್ನು ಕೈತುಂಬ ಕೊಡುತ್ತಿದ್ದಳು. ಬೇವಿನ ಬುಡದ್ದನ್ನು ಮುಟ್ಟಗೊಡುತ್ತಿರಲಿಲ್ಲ. ಜಿಪುಣಿ ಎಂದು ನಾವು ಹುಡುಗಿಯರು ಹಿಂದಿನಿಂದ ನಗುತ್ತಿದ್ದೆವು.

ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಓಣಿ ಖಾಲಿಯಾಯಿತು. ಸಾಮಾನು ಹೇರಿದ ಟ್ರ್ಯಾಕ್ಟರ್ ಬಾಗಿಲಲ್ಲಿ ನಿಂತಿದ್ದಾಗ ಚಿಗವ್ವ ನನ್ನ ಕೈಗೆ ಗುದ್ದಲಿ, ಬುಟ್ಟಿ ಕೊಟ್ಟಳು.

“ಬೇವಿನ ಬುಡದಾಗಿಂದು ಮಣ್ಣು ಸಮೇತ ಎಬ್ಬಿಸಿಕೊಂಡು ಬಾ ಯವ್ವಾ. ನನ್ನ ಕೈಲೆ ಅಲ್ಲಿ ಗುದ್ದಲಿ ಹಾಕಾಕ ಆಗೂದಿಲ್ಲ.”

ಯಾಕೆಂದು ಕೇಳಲಿಲ್ಲ. ಬೇವಿನ ಬುಡ ಕಲ್ಲಿನಂತೆ ಗಟ್ಟಿ. ನಾಲ್ಕು ಏಟಿಗೇ ಬೇಸತ್ತೆ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ. ಎಲ್ಲಿಯದಾದರೇನು, ದೊಡ್ಡಪತ್ರೆ ತಾನೇ ಎಂದು ಬಚ್ಚಲ ಪಕ್ಕದ ಮೆತ್ತನೆ ಮಣ್ಣು ಅಗೆದು ಬುಟ್ಟಿ ತುಂಬಿದೆ. ಅವಳು ಅದನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಳು.

ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲೂ ನಮ್ಮ ಮನೆಗಳು ಅಕ್ಕಪಕ್ಕ. ಚಿಗವ್ವ ಬುಟ್ಟಿಯದನ್ನು ಹಿತ್ತಲಲ್ಲಿ ನೆಟ್ಟು, ಪ್ರತಿ ಸೋಮವಾರ ಅದರ ಬುಡಕ್ಕೆ ಚಮಚೆಯಿಂದ ಹಾಲು ಹನಿಸುತ್ತಿದ್ದಳು. ಎಷ್ಟೋ ದಿನ ನೋಡಿ, ಇದೇನೆಂದು ಅವ್ವನನ್ನು ಕೇಳಿದೆ.

“ಆಕಿ ಕೂಸು ಮೂರು ತಿಂಗಳದ್ದಿದ್ದಾಗ ಕೆಮ್ಮಿ ಕೆಮ್ಮಿ ತೀರಿಕೊಂತು. ಹಲ್ಲು ಬರದ ಕೂಸನ್ನ ಹಿತ್ತಲದಾಗ ಮಣ್ಣು ಮಾಡ್ತಾರ, ಮ್ಯಾಲ ಕಲ್ಲು ಇಡೂದಿಲ್ಲ. ಅದಕ್ಕ ಗುರ್ತಿಗೆ ಅಂತ ಬೇವಿನ ಬುಡಕ್ಕ ಆ ಪತ್ರಿ ಹಚ್ಚಿದ್ಲು,” ಅಂದಳು ಅವ್ವ.

ಅಷ್ಟೊತ್ತಿಗೆ ಹಳೆಯ ಹಿತ್ತಲು ನೀರಿನಡಿ ಹೋಗಿತ್ತು.

ಹೇಳಬೇಕಿತ್ತು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ವರ್ಷಗಳೇ ಉರುಳಿದವು... ನಾನು ಹೇಡಿ, ಬೇರೆ ಮಾತಿಲ್ಲ. ಹಾಸಿಗೆ ಹಿಡಿದಾಗ ಚಿಗವ್ವ ನನ್ನ ಕೈ ಬಿಡದೆ, “ನೀ ಮಣ್ಣು ತಂದುಕೊಟ್ಟಿ, ಅದಕ್ಕ ನನಗ ಈ ಊರಾಗ ಇರಾಕ ಆತವ್ವಾ. ನಾ ಹೋದಮ್ಯಾಲ ಹಾಲು ನೀನ ಹಾಕು,” ಅಂದಳು. ಹೂಂ ಅಂದೆ.

ಅವಳು ಹೋದಳು. ಮನೆ ಕೊಂಡವರು ಹಿತ್ತಲಿಗೆಲ್ಲ ಫರಸಿ ಕಲ್ಲು ಹಾಸಿದರು.

ನರ್ಸರಿಯಿಂದ ನಾಲ್ಕು ಟೊಂಗೆ ತಂದು ಇವತ್ತು ನೆಟ್ಟೆ. ಸೋಮವಾರ. ಚಮಚೆಯಿಂದ ಹಾಲು ಹನಿಸಿದೆ. ಈ ಮಣ್ಣಿನಡಿ ಯಾರೂ ಇಲ್ಲ. ಅವಳು ಅಷ್ಟು ವರ್ಷ ಹಾಲು ಹಾಕಿದ ಮಣ್ಣಿನಡಿಯೂ ಯಾರೂ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತು.