ಮಿಸ್ತ್ರಿಯ ಅಂಗೈ ಮೇಲಿಟ್ಟ ಕಾಲು

ಹೋದ ವಾರ ರಾಯಾಪುರದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ. ಮುಂದಿದ್ದ ಹತ್ತಿ ಲಾರಿಯವನು ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಇಂಚಿಂಚೇ ಸರಿಯುತ್ತಿದ್ದ. ಕ್ಲಚ್ ಪ್ಲೇಟು ಸುಡುವ ವಾಸನೆ ಕಾರಿನೊಳಗೆ ತುಂಬಿತು. ಕಿಟಕಿ ಏರಿಸಿದೆ, ಏಸಿ ಹೆಚ್ಚಿಸಿದೆ, ಹೋಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಇದೇ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ನೆನಪಾದರು…

'ಅವರು' ಎಂದು ಈಗ ಬರೆಯುತ್ತಿದ್ದೇನೆ. ಆಗ 'ಏ ಮಿಸ್ತ್ರಿ' ಎಂದೇ ಕರೆಯುತ್ತಿದ್ದೆ. ನನ್ನ ಅಪ್ಪನ ವಯಸ್ಸಿನ ಮನುಷ್ಯ. ಹತ್ತಿ ವ್ಯಾಪಾರದ ಮನೆತನದವನೆಂಬ ಸೊಕ್ಕು ನನಗೆ ನೆತ್ತಿಗೇರಿತ್ತು. ಸತ್ತವರಿಗೆ ಬಹುವಚನ ಹಚ್ಚುವುದು ಪುಕ್ಕಟೆ ಮರ್ಯಾದೆ, ಅಷ್ಟೇ.

ನನ್ನಲ್ಲೊಂದು ಹಳೇ ಜೀಪಿತ್ತು. ಅದರ ಸವೆದ ನಾಲ್ಕು ಗೇರಿನ ಗೇರ್‌ಬಾಕ್ಸ್ ತೆಗೆಸಿ, ಬೇರೆ ಗಾಡಿಯ ಐದು ಗೇರಿನದನ್ನು ಕೂಡಿಸಬೇಕೆಂಬ ಹುಚ್ಚು ಹತ್ತಿತ್ತು. ಇಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು. ಎರಡಕ್ಕೂ ಹೊಂದುವ ಕ್ಲಚ್ಚು ಕಂಪನಿಯ ಒರಿಜಿನಲ್ ಮಾಲಿನಲ್ಲಿ ಸಿಗುವಂತಿರಲಿಲ್ಲ, ಹೊರಗಿನ ಮಾಲನ್ನೇ ಆರಿಸಬೇಕಿತ್ತು. ದೇಶಪಾಂಡೆ ನಗರದ ಅಂಗಡಿಯವನು ಎರಡು ತೋರಿಸಿದ. ಒಂದು ಸಾದಾ, ಮೆತ್ತಗೆ ಹಿಡಿಯುವಂಥದ್ದು. ಇನ್ನೊಂದು ತಾಮ್ರದ ಬಿಲ್ಲೆಗಳ ಪ್ಲೇಟು, ಬಿರುಸು ಸ್ಪ್ರಿಂಗು, ಗುಡ್ಡ ಹತ್ತಿಸುವ ಪಂದ್ಯದ ಗಾಡಿಗಳಿಗೆ ಹಾಕುವಂಥದ್ದು. ವಿಡಿಯೋ ನೋಡಿ ನೋಡಿ ನನಗೆ ಎರಡನೆಯದೇ ತಲೆಯಲ್ಲಿ ಕೂತಿತ್ತು. ಆದರೂ ಎರಡನ್ನೂ ಶೆಡ್ಡಿಗೆ ತಂದೆ.

ಮಿಸ್ತ್ರಿಯದೊಂದು ಪದ್ಧತಿ ಇತ್ತು. ಕ್ಲಚ್ ಆರಿಸುವ ಮೊದಲು ಗಿರಾಕಿಯನ್ನು ಸೀಟಿನಲ್ಲಿ ಕೂಡಿಸಿ, ತಾವು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ಪೆಡಲ್ಲಿನ ಜಾಗದಲ್ಲಿ ಬಲಗೈ ಚಾಚುತ್ತಿದ್ದರು. ಮುಂಗೈಗೆ ಆಸರೆಯಾಗಿ ಗಾಡಿಯ ಕಬ್ಬಿಣದ ಪಟ್ಟಿ. ಗಿರಾಕಿ ಚಪ್ಪಲಿ ಬಿಟ್ಟು, ಎಡಗಾಲನ್ನು ಆ ಅಂಗೈ ಮೇಲಿಟ್ಟು, ಪೆಡಲ್ ಒತ್ತಿದಂತೆ ಒತ್ತಬೇಕು. ಐದಾರು ಸಲ ಒತ್ತಿಸಿಕೊಂಡ ಮೇಲೆ ಆ ಕಾಲಿಗೆ ಯಾವ ಸ್ಪ್ರಿಂಗು ಹೊಂದುತ್ತದೆಂದು ಹೇಳುತ್ತಿದ್ದರು. ಶಿರಗುಪ್ಪಿ ಕಡೆಯ ರೈತರು ಹಿರಿಯರ ಕೈಮೇಲೆ ಕಾಲಿಡಲು ನಾಚಿ, ಮೊದಲು ಕೈಮುಗಿದು ಆಮೇಲೆ ಇಡುತ್ತಿದ್ದರು. ಗಾಡಿಯನ್ನು ಮನೆಯಲ್ಲಿ ಎಷ್ಟು ಜನ ಓಡಿಸುತ್ತಾರೋ ಅಷ್ಟೂ ಜನರ ಕಾಲು ನೋಡಲೇಬೇಕೆಂಬುದು ಅವರ ಹಟ. ನನ್ನ ಹೆಂಡತಿ ಧಾರವಾಡದಲ್ಲಿ ಶಿಕ್ಷಕಿ, ಶಾಲೆಗೆ ಅದೇ ಜೀಪಿನಲ್ಲಿ ಹೋಗುತ್ತಿದ್ದಳು. ಅವಳನ್ನು ಹಿಂದಿನ ದಿನವೇ ಕರೆಸಿಕೊಂಡಿದ್ದರು. ಅವಳೂ ಕೈಮುಗಿದು, ಅಂಜುತ್ತಲೇ ಒತ್ತಿದ್ದಳು.

ನಾನು ಹೋದ ದಿನ ಜೊತೆಗೆ ಇಬ್ಬರು ಗೆಳೆಯರಿದ್ದರು. ನಾಲ್ಕು ಜನರ ಮುಂದೆ ನನ್ನ ಬುದ್ಧಿ ನೆಟ್ಟಗಿರುವುದಿಲ್ಲ. ಮಿಸ್ತ್ರಿ ಎರಡೂ ಪ್ಲೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ತಾಮ್ರದ್ದನ್ನು ಬದಿಗಿಟ್ಟರು.

"ಇದು ನಿಮ್ಮ ಕಾಲಿಗೆ ನಡದೀತ್ರಿ ಸಾವ್ಕಾರ್ರ. ಅಕ್ಕಾರ ಕಾಲಿಗೆ ನಡಿಯಂಗಿಲ್ಲ. ಈ ಟ್ರಾಫಿಕ್ಕಿನ್ಯಾಗ ಅವರ ಮೊಣಕಾಲ ಹೋಗತಾವ್ರಿ" ಎಂದರು.

ಹಾಗಾದರೆ ಮನೆಯಲ್ಲಿ ಯಜಮಾನಿಕೆ ಅಕ್ಕಾರದೇ ಅನ್ನು ಎಂದು ಗೆಳೆಯನೊಬ್ಬ ನಕ್ಕ. ನನಗೆ ಅಷ್ಟು ಸಾಕಾಯಿತು. ನನ್ನ ಕಾಲು ನೋಡು ಮೊದಲು ಎಂದು ಸೀಟೇರಿ ಕೂತೆ. ಅವರು ಎಂದಿನಂತೆ ಕೆಳಗೆ ಕೂತು ಅಂಗೈ ಚಾಚಿದರು. ನಾನು ಬೂಟು ಕಳೆಯಲಿಲ್ಲ. ಅವರು ಒಮ್ಮೆ ಬೂಟು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಕೈ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಮೈಯ ಭಾರವನ್ನೆಲ್ಲ ಹಾಕಿ ತುಳಿದೆ. ಬೂಟಿನ ಹಿಮ್ಮಡಿ ಅವರ ಮಣಿಕಟ್ಟಿನ ಮೇಲೆ ಬಿತ್ತು, ಅಡಿಯಲ್ಲಿ ಕಬ್ಬಿಣ. ಎಲುಬಿನ ಸದ್ದು ನನಗೆ ಕೇಳಿಸಿತು.

"ಈಗ ಹೇಳು, ಯಾವುದು ಹಾಕ್ತಿ?" ಎಂದೆ.

ಅವರು ಕೈಯನ್ನು ಬಗಲಿಗೆ ಒತ್ತಿಕೊಂಡರು. ಮುಖ ಬೂದಿ ಬಣ್ಣವಾಗಿತ್ತು. ಆಮೇಲೆ, "ನೀವು ಹೇಳಿದ್ದ ಹಾಕ್ತೇನ್ರಿ" ಎಂದರು. ಗೆಳೆಯರು ಚಪ್ಪಾಳೆ ಹೊಡೆದರು. ನಾನೂ ನಕ್ಕೆ.

ಎರಡು ದಿನದ ಕೆಲಸಕ್ಕೆ ಅವರು ಎಂಟು ದಿನ ತೆಗೆದುಕೊಂಡರು. ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಪಾನಾ ತಿರುಗಿಸುತ್ತಿದ್ದರು. ದಿನಾ ಹೋಗಿ, ಎಷ್ಟು ಸತಾಯಿಸುತ್ತೀಯೆಂದು ಬೈದು ಬರುತ್ತಿದ್ದೆ. ಆ ಬಟ್ಟೆ ನನ್ನ ಕಣ್ಣಿಗೆ ಬೀಳಲಿಲ್ಲವೆಂದರೆ ಸುಳ್ಳಾಗುತ್ತದೆ. ಏನಾಯಿತೆಂದು ಒಂದು ಮಾತೂ ಕೇಳಲಿಲ್ಲ.

ಜೀಪು ಕ್ಲಚ್ ಬಿಟ್ಟ ಕೂಡಲೇ ಎಗರುತ್ತಿತ್ತು. ಹೆಂಡತಿ ನಾಲ್ಕು ದಿನ ಓಡಿಸಿ, ಮೊಣಕಾಲು ಬಾತು, ಕೀಲಿಕೈಯನ್ನು ಟೇಬಲ್ಲಿನ ಮೇಲಿಟ್ಟು ಬಸ್ಸು ಹಿಡಿದಳು. ವರ್ಷ ತುಂಬುವುದರೊಳಗೆ ಜೀಪು ಮಾರಿದೆ. ಮಿಸ್ತ್ರಿ ಗೇರ್‌ಬಾಕ್ಸ್ ಕೆಲಸ ಬಿಟ್ಟು ಪಂಕ್ಚರ್ ತಿದ್ದುತ್ತಿದ್ದಾರೆಂದು ಯಾರೋ ಹೇಳಿದರು. ಅಲ್ಲಿಂದ ಮುಂದೆ ಆ ಶೆಡ್ಡು ಬಂದಾಗ ನಾನು ಇನ್ನೊಂದು ಕಡೆ ಮುಖ ಮಾಡಿ ಗಾಡಿ ಓಡಿಸುತ್ತಿದ್ದೆ…

ಹೋದ ವಾರ ಮಾತ್ರ ಕಾರು ನಿಲ್ಲಿಸಿ ಇಳಿದೆ. ಆದದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿಬಿಡಬೇಕೆಂದೇ ಇಳಿದದ್ದು. ಶೆಡ್ಡಿನ ಜಾಗದಲ್ಲಿ ಕಾರು ತೊಳೆಯುತ್ತಿದ್ದರು. ಹಿಂದಿನ ಮನೆಯಲ್ಲಿ ಮಿಸ್ತ್ರಿಯ ಹೆಂಡತಿ ಇದ್ದರು. ನಾನು ಹಳೇ ಗಿರಾಕಿ ಎಂದದ್ದಕ್ಕೆ ಒಳಗೆ ಕರೆದು ಕುರ್ಚಿ ಹಾಕಿ, ಚಹಾಕ್ಕೆ ಇಟ್ಟರು. ಮಿಸ್ತ್ರಿ ತೀರಿಹೋಗಿ ಎರಡು ವರ್ಷವಾಯಿತಂತೆ. ಮಣಿಕಟ್ಟಿನ ಎಲುಬು ಸೊಟ್ಟಗೆ ಕೂಡಿಕೊಂಡು ಬಲಗೈಯಲ್ಲಿ ತುತ್ತು ಸಹ ಹಿಡಿಯಲು ಬರುತ್ತಿರಲಿಲ್ಲವಂತೆ. ಎಡಗೈಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣಲು ನಾಚಿ, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರಂತೆ. ಸ್ವಂತ ಮಗಳ ಮದುವೆಯಲ್ಲೂ ಎಲ್ಲರದೂ ಆದಮೇಲೆ ಅಡುಗೆಯವರ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಉಂಡರಂತೆ. ಆ ಕೈಯನ್ನು ನಾನು ತಿಂದುಬಿಟ್ಟಿದ್ದೆ.

"ಯಾರೋ ಬೂಟ್ಲೆ ತುಳದಾರ್ರಿ. ಹೆಸರ ಮಾತ್ರ ಕಡೀತನಕಾ ಹೇಳಲಿಲ್ಲ ಅವರು. ನೀವು ಆವಾಗೆಲ್ಲಾ ಬರತಿದ್ರಿ ಅಂತೀರಿ… ನಿಮಗೇನರ ಗೊತ್ತೈತೇನ್ರಿ?" ಎಂದು ಆಕೆ ಕೇಳಿದರು.

ಗೊತ್ತಿಲ್ಲ ಎಂದೆ.

ಹೋಗಲಿ ಬಿಡಿ ಎಂದು ಆಕೆ ಇನ್ನೊಂದಿಷ್ಟು ಚಹಾ ಬಗ್ಗಿಸಿದರು. ಕೂತು ಅದನ್ನೂ ಕುಡಿದೆ.